ಎರಡು ಕಿವಿಯ ಕಪ್

ಆ ಕಪ್ಪಿನ ಚಿತ್ರವನ್ನು ಹಾಕದೇ ಇದ್ದಿದ್ದರೆ ಕುಮಾರೇಶನಿಗೆ ಈ ಪಾಡು ಬರುತ್ತಿರಲಿಲ್ಲ. ಹಾಕಿದ. ಅದೂ ಬುಧವಾರ ಸಂಜೆ, ಎಲ್ಲ ಮುಗಿಯಿತು, ಇನ್ನು ಆಪ್‌ನಲ್ಲಿ ಏನನ್ನೂ ಮುಟ್ಟಬಾರದು ಎಂದು ತನಗೆ ತಾನೇ ಹೇಳಿಕೊಂಡ ಹತ್ತು ನಿಮಿಷಕ್ಕೆ, ಕೈ ಸುಮ್ಮನಿರಲಾರದೆ ಹಾಕಿದ.

ಆಪ್‌ನ ಹೆಸರು ‘ಮರುಜನ್ಮ’. ಹೊಸೂರಿನ ಒಂದು ಗಾರ್ಮೆಂಟ್ಸ್ ಕಂಪನಿಯ ಕಟಿಂಗ್ ಸೆಕ್ಷನ್ನಿನಲ್ಲಿ ಹನ್ನೊಂದು ವರ್ಷ ಕತ್ತರಿ ಹಿಡಿದವನು ಕುಮಾರೇಶ. ದಿನಾ ಮೂಟೆಗಟ್ಟಲೆ ಚೂರು ಬಟ್ಟೆ ಕಸಕ್ಕೆ ಹೋಗುವುದನ್ನು ನೋಡಿ ನೋಡಿ ಅವನ ಹೊಟ್ಟೆ ಉರಿದಿತ್ತು. ಕೊನೆಗೆ ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ತೊರಪಲ್ಲಿ ಅಗ್ರಹಾರದ ತನ್ನ ಮನೆಯ ಜಗಲಿಯ ಮೇಲೆ ಕೂತು, ಮೊಬೈಲಿನಲ್ಲೇ ಪಾಠ ನೋಡಿ ಕಲಿತು ಈ ಆಪ್ ಮಾಡಿದ. ಮನೆಯಲ್ಲಿ ಹಳೇ ಬಟ್ಟೆ ಇದ್ದವರು ಅದರ ಫೋಟೋ ಹಾಕಬೇಕು. ಹೊಲಿಗೆ ಬಲ್ಲವರು ಅದನ್ನು ತಗೊಂಡು ಚೀಲವೋ ಕೋಟೋ ಹೊದಿಕೆಯೋ ಮಾಡಬೇಕು. ಬೇಕಾದವರು ಕೊಳ್ಳಬೇಕು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಓದಬಹುದು. ಇಷ್ಟೆಲ್ಲ ಇದ್ದೂ ಮೂರು ತಿಂಗಳಲ್ಲಿ ಬಂದ ಫೋಟೋ ನಾಲ್ಕು. ಅದರಲ್ಲಿ ಮೂರು ಅವನೇ ಹಾಕಿದ್ದು. ನಾಲ್ಕನೆಯದು ಯಾರದೋ ನಾಯಿಯದು.

“ಮರುಜನ್ಮ ಅಂತ ಯಾರಾನಾ ಹೆಸ್ರಿಡ್ತಾರೇನ್ಲಾ? ತಿಥಿ ಕಾರ್ಡ್ ಇದ್ದಂಗೈತೆ” ಎಂದು ತಾಯಿ ಅಂಜಮ್ಮ ಮೊದಲ ದಿನವೇ ಹೇಳಿದ್ದಳು.

ಈಗ ಪರೀಕ್ಷೆಯ ದಿನ ಬಂದಿತ್ತು. ಹೊಸ ಉದ್ದಿಮೆಗಳನ್ನು ಆರಿಸುವ ಸಮಿತಿಯ ಚಂದ್ರಲೇಖಾ ಮೇಡಂ ಗುರುವಾರ ಮಧ್ಯಾಹ್ನ ಮೂರಕ್ಕೆ ಕೃಷ್ಣಗಿರಿಯಿಂದ ಖುದ್ದು ಬಂದು ನೋಡುವವರಿದ್ದರು. ಅವರ ಷರತ್ತು ಎರಡೇ. ಕನಿಷ್ಠ ಐವತ್ತು ಮನೆಗಳ ಹಳೇ ಬಟ್ಟೆ ಒಂದು ಕಡೆ ಸೇರಿರಬೇಕು. ಕಸದ ಬಟ್ಟೆಯಿಂದ ಹೊಲಿದ ಒಂದಾದರೂ ವಸ್ತು ಕಣ್ಣಿಗೆ ಕಾಣಬೇಕು. ಒಪ್ಪಿಗೆಯಾದರೆ ಒಂದು ಕೋಣೆ, ಎರಡು ಹೊಲಿಗೆ ಮೆಷಿನ್ನು, ಒಂದು ವರ್ಷದ ನೆರವು. ಆಗದಿದ್ದರೆ ಭಾನುವಾರಕ್ಕೆ ರಜೆ ಮುಗಿದು ಸೋಮವಾರ ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು.

“ಮೂರು ತಿಂಗ್ಳು ನಾನೊಬ್ಳೇ ಬಸ್ ಹತ್ತಿದೀನಿ” ಎಂದಳು ಹೆಂಡತಿ ಶರ್ಮಿಳಾ, ಬೆಳಿಗ್ಗೆ ಕೆಲಸಕ್ಕೆ ಹೊರಡುತ್ತಾ. “ಗೆದ್ರೆ ನಂಗೂ ಸಂತೋಷ. ಇಲ್ಲಾಂದ್ರೆ ಸೋಮವಾರದಿಂದ ಇಬ್ರೂ ಹತ್ತಾಣ. ಮುಖ ಊದಿಸ್ಕೊಂಡು ಕೂರಂಗಿಲ್ಲ ಮತ್ತೆ.”

“ನೋಡ್ತಿರು. ನೀ ವಾಪಸ್ ಬರೋ ಹೊತ್ಗೆ ಕಪ್ ತಂದು ಮನೇಲಿಟ್ಟಿರ್ತೀನಿ” ಎಂದ ಕುಮಾರೇಶ, ಎದೆಯುಬ್ಬಿಸಿ.

ಕಪ್ ಅಂದದ್ದು ಸುಮ್ಮನೆ ಅಲ್ಲ. ಜನ ಫೋಟೋ ಹಾಕದಿರುವುದಕ್ಕೆ ಉತ್ತೇಜನ ಸಾಲದಿರುವುದೇ ಕಾರಣ ಎಂದು ಬುಧವಾರ ಸಂಜೆ ಅವನಿಗೆ ಹೊಳೆದಿತ್ತು. ಒಂದು ಬಟ್ಟೆಯ ಫೋಟೋಗೆ ಇಷ್ಟು ಅಂಕ, ನೂರು ಅಂಕವಾದರೆ ಪರದೆಯ ಮೇಲೆ ಒಂದು ಕಪ್. ಬೆಳ್ಳಗೆ ಫಳಫಳ ಹೊಳೆಯುವ, ಎರಡು ಪಕ್ಕಕ್ಕೂ ಕಿವಿಯಂಥ ಹಿಡಿಯಿರುವ, ಆಟದಲ್ಲಿ ಗೆದ್ದವರಿಗೆ ಕೊಡುತ್ತಾರಲ್ಲ ಅಂಥ ಕಪ್.

ಶರ್ಮಿಳಾ ಬಸ್ಸು ಹತ್ತಿದ ಮೇಲೆ ಫೋನ್ ತೆಗೆದು ನೋಡಿದವನು ಕಣ್ಣುಜ್ಜಿಕೊಂಡ. ಒಂದೇ ರಾತ್ರಿಗೆ ಎಪ್ಪತ್ತಮೂರು ಮನೆಯವರು ಫೋಟೋ ಹಾಕಿದ್ದರು. ಸೀರೆ, ಲುಂಗಿ, ಪ್ಯಾಂಟು, ಶಾಲೆಯ ಯೂನಿಫಾರ್ಮು, ತಲೆದಿಂಬಿನ ಚೀಲ. ಎಲ್ಲ ಅವನದೇ ಊರಿನವು.

“ಅಮ್ಮಾ! ಊರಿಗೂರೇ ಎದ್ದುಬಿಟ್ಟೈತೆ!”

“ಬೆಳಗಾಯ್ತಲ್ಲ, ಏಳ್ದೆ ಏನ್ ಮಾಡ್ತಾರೆ?” ಎಂದಳು ಅಂಜಮ್ಮ, ಒಲೆಯ ಮುಂದಿನಿಂದ.

ಜಗಲಿಯ ಮೊಳೆಗೆ ಅವನ ಮಾದರಿ ಕೋಟು ತೂಗುತ್ತಿತ್ತು. ಕಂಪನಿಯ ನೂರಾನಲವತ್ತು ಚೂರು ಸೇರಿಸಿ, ಒಳಗಡೆಗೆ ತೀರಿಹೋದ ಅಪ್ಪನ ಹಳೇ ಪಂಚೆ ಕೊಟ್ಟು, ಪಕ್ಕದ ಮನೆ ಜಯಂತಿಯ ಮೆಷಿನ್ನಿನಲ್ಲಿ ಇಪ್ಪತ್ತು ದಿನ ಕೂತು ಹೊಲಿದ ತೋಳಿಲ್ಲದ ಕೋಟು. ಕೆಂಪಿನ ಪಕ್ಕ ಯಾವ ನೀಲಿ ಬರಬೇಕು ಎಂದು ಅವನು ಊಟ ಬಿಟ್ಟು ಯೋಚಿಸಿದ್ದ. ಅಂಜಮ್ಮನಿಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ನಾಚಿಕೆ. ಮನೆಗೆ ಯಾರಾದರೂ ಬಂದರೆ ಅದರ ಮೇಲೊಂದು ಟವೆಲ್ ಎಳೆದುಬಿಡುತ್ತಿದ್ದಳು. ಮಗ ಕೈತುಂಬ ದುಡಿಯುವ ಕೆಲಸ ಬಿಟ್ಟು ತೇಪೆ ಹಾಕುತ್ತಾ ಕೂತಿದ್ದಾನೆ ಎಂದು ಊರು ಆಡಿಕೊಳ್ಳಬಾರದಲ್ಲ!

ಕುಮಾರೇಶ ಕೋಟನ್ನು ಒಮ್ಮೆ ಸವರಿ, ಎರಡು ಖಾಲಿ ಮೂಟೆ ಹೆಗಲಿಗೆ ಹಾಕಿಕೊಂಡು ಹೊರಟ. ಮೂರು ಹೆಜ್ಜೆ ಇಟ್ಟಿರಲಿಲ್ಲ, ಎದುರುಮನೆ ನಾರಾಯಣಪ್ಪ ಅಡ್ಡ ಬಂದ. ನಾರಾಯಣಪ್ಪ ಇಪ್ಪತ್ತೆರಡು ವರ್ಷ ಒಂದು ಕಂಪನಿಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದು ನಿವೃತ್ತನಾದವನು. ಗೇಟು ಹೋಗಿದ್ದರೂ ಅಭ್ಯಾಸ ಹೋಗಿರಲಿಲ್ಲ. ಸಂತೆಯಿಂದ ಬಂದವರ ಚೀಲಕ್ಕೂ ಕೈ ಹಾಕಿ, ಬದನೆಕಾಯಿ ಮುಟ್ಟಿ ನೋಡಿಯೇ ಒಳಗೆ ಬಿಡುತ್ತಿದ್ದ.

“ಏನ್ಲಾ ಮೂಟೇಲಿ?”

“ಖಾಲಿ, ಮಾವ.”

ನಾರಾಯಣಪ್ಪ ಒಳಗೆ ಕೈ ಹಾಕಿ ಖಾತರಿ ಮಾಡಿಕೊಂಡ. “ಇವತ್ತು ಆಫೀಸರಮ್ಮ ಬತ್ತಾರಂತೆ? ಕೋಟು ಹೊಲ್ದಿದ್ದೀಯಲ್ಲ, ಆ ಚೂರಿಗೆ ಗೇಟ್ ಪಾಸ್ ಐತಾ?”

“ಐತೆ ಮಾವ. ಕೋಟಿನ ಒಳಜೇಬಲ್ಲೇ ಇಟ್ಟಿವ್ನಿ.”

“ಅಲ್ಲೇ ಇರ್ಲಿ. ಮ್ಯಾಲಿನೋರು ಬಂದ್ರೆ ಮೊದ್ಲು ಕೇಳಾದೇ ಅದನ್ನ. ಪಾಸಿಲ್ದೆ ಒಂದು ಗುಂಡಿ ಆಚೆ ಬಂದ್ರೂ ಕಳ್ತನ ಅದು. ಎಂತೆಂಥೋರು ನನ್ ಕೈಲಿ ಸಿಕ್ಕಾಕ್ಕೊಂಡವ್ರೆ ಗೊತ್ತಾ?”

ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಕುಮಾರೇಶ ತಪ್ಪಿಸಿಕೊಂಡು ಜಯಂತಿಯ ಬಾಗಿಲಿಗೆ ಹೋದ. ಜಯಂತಿ ಬಟ್ಟೆಯ ಗಂಟು ಕಟ್ಟಿ ಹೊಸ್ತಿಲಲ್ಲಿಟ್ಟು ಅದರ ಮೇಲೇ ಕೂತಿದ್ದಳು.

“ಬಾ ಕುಮಾರಣ್ಣ. ಎಲ್ಲಿ ಪಾತ್ರೆ?”

“ಯಾವ ಪಾತ್ರೆ?”

“ಫೋನಲ್ಲಿ ತೋರ್ಸೀಯಲ್ಲ” ಎಂದು ಅವಳು ತನ್ನ ಫೋನನ್ನು ಅವನ ಮೂಗಿಗೇ ಹಿಡಿದಳು. “ಎರಡು ಕಿವಿ ಇರೋ ಎವರ್‌ಸಿಲ್ವರ್ ಪಾತ್ರೆ. ಇಡೀ ಊರೇ ಮಾತಾಡ್ಕೊಂಡೈತೆ.”

ಕುಮಾರೇಶನಿಗೆ ಈಗ ಅರ್ಥವಾಯಿತು. ಆ ಸೀಮೆಯಲ್ಲಿ ಹಳೇ ಬಟ್ಟೆ ಮನೆಯ ಹೊಸ್ತಿಲು ದಾಟುವುದಕ್ಕೆ ಅಜ್ಜಿಯರ ಕಾಲದಿಂದ ಇರುವುದು ಒಂದೇ ದಾರಿ. ಪಾತ್ರೆ ಮಾರುವವಳು ಕೂಗುತ್ತಾ ಬರುತ್ತಾಳೆ, ಹೆಂಗಸರು ಹಳೇ ಬಟ್ಟೆ ತಂದು ಸುರಿಯುತ್ತಾರೆ, ಎರಡು ಕಡೆಯವರೂ ಒಂದು ಗಂಟೆ ಜಗಳವಾಡುತ್ತಾರೆ, ಕೊನೆಗೆ ಬಟ್ಟೆ ಆಚೆ ಹೋಗಿ ಪಾತ್ರೆ ಒಳಗೆ ಬರುತ್ತದೆ. ಬಟ್ಟೆ ಕೇಳುವವನು ಹೊಳೆಯುವ ಒಂದು ಪಾತ್ರೆಯ ಚಿತ್ರ ತೋರಿಸಿದರೆ ಯಾರಾದರೂ ಇನ್ನೇನು ಅಂದುಕೊಳ್ಳಬೇಕು?

“ಅಯ್ಯೋ ಅಕ್ಕ, ಅದು ಕಪ್. ಆಟದಾಗೆ ಗೆದ್ರೆ ಕೊಡಾದು.”

“ಗೆದ್ರೆ ಕೊಡ್ತೀಯೋ ಸೋತ್ರೆ ಕೊಡ್ತೀಯೋ, ಮುಚ್ಚಳ ಸೇರ್ಸಿ ಕೊಡಪ್ಪ.”

“ಅದು ಬರೀ ಚಿತ್ರ ಅಕ್ಕ. ನಿಂಗೆ ಅಂಕ ಬತ್ತದೆ. ಈಗಾಗ್ಲೇ ಅರವತ್ತು ಅಂಕ ಬಂದೈತೆ ನೋಡು!”

“ಅಂಕ ಇಟ್ಕೊಂಡು ಸಾರು ಕಾಯಿಸ್ಲಾ?” ಎಂದಳು ಜಯಂತಿ, ಗಂಟಿನ ಮೇಲೆ ಇನ್ನೂ ಭದ್ರವಾಗಿ ಕೂರುತ್ತಾ.

ಎರಡನೇ ಮನೆಯಲ್ಲೂ ಅದೇ ಪ್ರಶ್ನೆ. ಮೂರನೇ ಮನೆಯ ಮಂಗಮ್ಮ, ಎರಡು ಕಿವಿಯದು ಬೇಡ, ಇಡ್ಲಿ ಪಾತ್ರೆ ಇದ್ದರೆ ಕೊಡು ಎಂದಳು. ಐದನೇ ಮನೆಯ ಆವುಲಪ್ಪ ತನ್ನ ಮಗಳ ಮದುವೆಗೆ ಮೂರು ಬಕೆಟ್ ಬೇಕೆಂದು ಪಟ್ಟಿಯನ್ನೇ ಕೊಟ್ಟ. ಹತ್ತು ಗಂಟೆಯ ಹೊತ್ತಿಗೆ ಕುಮಾರೇಶನ ಮೂಟೆಗಳು ಖಾಲಿಯೇ ಇದ್ದವು, ಅವನ ಹಿಂದೆ ಮಾತ್ರ ಹದಿನೈದು ಹೆಂಗಸರು ಗಂಟು ಹೊತ್ತು ಬರುತ್ತಿದ್ದರು. ಅಷ್ಟು ಜನರನ್ನು ಹಿಂದೆ ಕಟ್ಟಿಕೊಂಡು ಓಡಾಡುವುದು ಚುನಾವಣೆಯಲ್ಲಾದರೆ ಮರ್ಯಾದೆ. ಇಲ್ಲಿ ಹೋಗಿದ್ದೆಲ್ಲ ಮರ್ಯಾದೆಯೇ.

“ಆಸೆ ತೋರ್ಸಿ ಮೋಸ ಮಾಡ್ತಾನಲ್ಲ” ಎಂದು ಯಾರೋ ಅಂದರು.

ನಾರಾಯಣಪ್ಪ ಮತ್ತೆ ಅಡ್ಡ ಬಂದ. “ನಾನೊಂದ್ ಮಾತು ಹೇಳ್ಲಾ? ಪಾತ್ರೆ ಇಲ್ದೆ ಇವ್ರು ಒಂದು ನೂಲೂ ಬಿಡಲ್ಲ. ಜೂಜುವಾಡಿಗೋಗು, ಕೊಂಡಮ್ಮನ ಕಾಲಿಡ್ಕೊ. ಅವ್ಳ ಹತ್ರ ಲೋಡುಗಟ್ಲೆ ಪಾತ್ರೆ ಐತೆ.”

ಮೊದಲ ಸಲ ಆ ಮನುಷ್ಯನ ಬಾಯಿಂದ ಉಪಯೋಗಕ್ಕೆ ಬರುವ ಮಾತು ಬಂದಿತ್ತು. ಕುಮಾರೇಶ ಬೈಕು ಹತ್ತಿದ. ಹೊಸೂರು ದಾಟಿ ಗಡಿಯ ಹತ್ತಿರ ಬರುವಷ್ಟರಲ್ಲಿ ಲಾರಿಗಳ ಸಾಲಿನ ಮಧ್ಯೆ ಅವನು ಕುಡಿದ ಹೊಗೆಗೆ ಲೆಕ್ಕವಿರಲಿಲ್ಲ. ಜೂಜುವಾಡಿಯ ಒಂದು ಓಣಿಯಲ್ಲಿ, ತಗಡಿನ ಮನೆಯ ಮುಂದೆ, ಕೊಂಡಮ್ಮ ತನ್ನ ಮೊಪೆಡ್ಡಿಗೆ ಬಲೆ ಬಿಗಿದು ಪಾತ್ರೆ ಕಟ್ಟುತ್ತಿದ್ದಳು. ವಯಸ್ಸು ಅರುವತ್ತರ ಹತ್ತಿರ, ದನಿ ಎರಡು ಬೀದಿ ಆಚೆಗೆ ಕೇಳುವಂಥದ್ದು. ಯಾರೇ ಎದುರು ಬಂದರೂ ಮುಖ ನೋಡುವ ಮೊದಲು ಅವರು ಉಟ್ಟ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡುವುದು ಅವಳ ಪದ್ಧತಿ. ಕುಮಾರೇಶನ ತೋಳನ್ನೂ ಹಿಡಿದು ನೋಡಿದಳು.

“ಕಾಲರ್ ಸವೆದೈತೆ. ಒಂದು ಲೋಟ ಕೊಡಬೌದು” ಎಂದಳು. ಆಮೇಲೆ ಮುಖ ನೋಡಿದಳು. “ಏಮಪ್ಪಾ, ಅಂಜಮ್ಮನ ಮಗ ಅಲ್ವಾ ನೀನು? ಒಂಬತ್ಗಂಟೇಲಿ ನಿಮ್ಮನೆತಾವಿಂದ್ಲೇ ಬಂದೆ. ಬೇರೆ ಮನೆಯೋರು ಫೋನಲ್ಲಿ ಪಾತ್ರೆ ಬತ್ತದೆ ಅಂತ ಒಂದು ಚೂರೂ ಬಿಡ್ಲಿಲ್ಲ, ನಿಮ್ಮಮ್ಮನೇ ಒಳ್ಳೆ ಯಾಪಾರ ಮಾಡಿದ್ರು. ಇವತ್ತು ಬೋಣೀನೂ...”

“ಅದಿರ್ಲಿ ಕೊಂಡಮ್ಮಕ್ಕ, ನನ್ ಮಾನ ಉಳ್ಸು” ಎಂದು ಕುಮಾರೇಶ ಅವಳ ಮಾತನ್ನು ಅರ್ಧಕ್ಕೇ ಕತ್ತರಿಸಿದ. ಕತ್ತರಿಸುವುದು ಅವನ ಹನ್ನೊಂದು ವರ್ಷದ ಅಭ್ಯಾಸ. ಆ ಮಾತನ್ನು ಪೂರ್ತಿ ಕೇಳಿದ್ದರೆ ದಿನ ಬೇರೆಯೇ ಆಗುತ್ತಿತ್ತು.

ಅವನು ಎಲ್ಲ ಹೇಳಿಕೊಂಡ. ಎಪ್ಪತ್ತಮೂರು ಮನೆ, ಒಂದೇ ಊರು, ಎಲ್ಲರ ಕೈಯಲ್ಲೂ ಗಂಟು ತಯಾರು. ನೀನು ಪಾತ್ರೆ ಕೊಟ್ಟು ಬಟ್ಟೆ ತಗೋ. ಆದರೆ ಮೇಡಂ ಬಂದು ಹೋಗುವ ತನಕ, ಸಂಜೆ ಐದರವರೆಗೆ, ಬಟ್ಟೆ ನನ್ನ ಮನೆ ಮುಂದೆ ರಾಶಿಯಾಗಿರಲಿ. ಆಮೇಲೆ ಅಷ್ಟೂ ನಿನ್ನದೇ.

ಕೊಂಡಮ್ಮ ಅವನ ಫೋನು ಇಸಕೊಂಡು ಬೆರಳಾಡಿಸಿದಳು. ಯಾವ ಮನೆ, ಯಾವ ಬಟ್ಟೆ, ಎಷ್ಟು ಹಳೆಯದು, ಎಲ್ಲ ಫೋಟೋ ಸಮೇತ.

“ಅಂದ್ರೆ ಕೂಗ್ದೆ, ಕರೀದೆ, ಬಟ್ಟೆ ಯಾರ ಮನೇಲೈತೆ ಅಂತ ಇಲ್ಲೇ ಕುಂತು ಗೊತ್ತಾಗೋಯ್ತದಾ?”

“ಅದಕ್ಕೇ ಅಲ್ವಾ ಅಕ್ಕ ಮಾಡಿರೋದು!”

“ಅಯ್ಯಯ್ಯೋ! ಮೂವತ್ತು ವರ್ಷ ಗಂಟ್ಲು ಹರ್ಕೊಂಡ್ನಲ್ಲಪ್ಪಾ ನಾನು!” ಎಂದು ಕೊಂಡಮ್ಮ ಹಣೆ ಬಡಿದುಕೊಂಡಳು. “ನಂಗೂ ಇದನ್ನ ಹಾಕ್ಕೊಡು. ಆಮೇಲೆ ಬತ್ತೀನಿ.”

ಮೂರು ತಿಂಗಳಲ್ಲಿ ತನ್ನ ಆಪನ್ನು ಕಂಡು ಹಣೆ ಬಡಿದುಕೊಂಡವರು ಬಹಳ ಜನ, ಸಂತೋಷದಿಂದ ಬಡಿದುಕೊಂಡವಳು ಇವಳೊಬ್ಬಳೇ. ಕುಮಾರೇಶನಿಗೆ ಕಣ್ಣಲ್ಲಿ ನೀರೇ ಬಂತು.

ಹನ್ನೆರಡರಿಂದ ಎರಡೂವರೆಯವರೆಗೆ ತೊರಪಲ್ಲಿಯಲ್ಲಿ ಕೊಂಡಮ್ಮ ನಡೆಸಿದ ವ್ಯಾಪಾರವನ್ನು ನೋಡಬೇಕಿತ್ತು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪಾತ್ರೆ. “ಮಂಗಮ್ಮ, ಫೋಟೋದಾಗೆ ನಾಲ್ಕು ಸೀರೆ ಇತ್ತು, ಇಲ್ಲಿ ಮೂರೈತೆ, ನಾಲ್ಕನೇದು ಉಟ್ಕೊಂಡಿದ್ದೀಯಾ?” ಎಂದು ಅವಳು ಕೇಳಿದರೆ ಮಂಗಮ್ಮ ನಾಚಿಕೊಂಡು ಒಳಗೆ ಹೋಗಿ ಬದಲಾಯಿಸಿ ತಂದು ಕೊಡುತ್ತಿದ್ದಳು. ಜಯಂತಿಯೊಬ್ಬಳು ಮಾತ್ರ ಮುಚ್ಚಳವಿಲ್ಲದೆ ಪಾತ್ರೆ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಕೊಂಡಮ್ಮ ಪಾತ್ರೆ ಕೊಟ್ಟು ಬಟ್ಟೆ ತಗೊಂಡಳು, ಮುಚ್ಚಳದ ವಿಷಯ ಸಂಜೆ ನೋಡೋಣ ಎಂದಳು.

ಎರಡೂವರೆಗೆ ಕುಮಾರೇಶನ ಅಂಗಳದಲ್ಲಿ ಅರುವತ್ತೊಂದು ಮನೆಯ ಬಟ್ಟೆ ಎದೆಯೆತ್ತರಕ್ಕೆ ಬಿದ್ದಿತ್ತು. ಕೊಂಡಮ್ಮ ಕೊನೆಯ ಬೀದಿಗೆ ಹೋದಳು. ಕುಮಾರೇಶ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ, ಮಾದರಿ ಕೋಟು ತಗೊಳ್ಳೋಣವೆಂದು ಜಗಲಿಗೆ ಬಂದ. ಮೊಳೆಯಿತ್ತು. ಮೊಳೆಯ ಮೇಲೆ ಟವೆಲಿತ್ತು. ಟವೆಲ್ಲಿನ ಕೆಳಗೆ ಗೋಡೆಯಿತ್ತು.

“ಅಮ್ಮಾ, ಕೋಟೆಲ್ಲಿ?”

“ಯಾವ ಕೋಟು?”

“ಇಲ್ಲಿ ನೇತಾಕಿದ್ನಲ್ಲಮ್ಮ!”

“ಅದಾ!” ಎಂದು ಅಂಜಮ್ಮ ಸಂಭ್ರಮದಿಂದ ಒಳಗೆ ಹೋಗಿ ಒಂದು ಪಾತ್ರೆ ತಂದಳು. ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಎರಡು ಕಿವಿಯಿದ್ದವು. “ಬೆಳಿಗ್ಗೆ ಕೊಂಡಮ್ಮಂಗೆ ಹಾಕ್ಬುಟ್ಟೆ ಕಣಪ್ಪ. ಎರಡು ಸೀರೆಗೆ ಬರೀ ಒಂದು ತಟ್ಟೆ ಅಂದ್ಳು. ಆ ತೇಪೆ ಕೋಟು ಸೇರ್ಸಿದ್ಮ್ಯಾಲೆ ಇದು ಕೊಟ್ಳು. ಆಫೀಸರಮ್ಮ ಬರೋ ಮನೆ, ಅಂಥದ್ದು ನೇತಾಡ್ತಿದ್ರೆ ಚೆಂದಾನಾ? ಹೆಂಗೈತೆ ನೋಡು, ನಿನ್ ಫೋನಲ್ಲಿರೋ ಅಂಥದ್ದೇ!”

ಕುಮಾರೇಶನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಾಯಿಯ ಮುಖ ನೋಡಿದರೆ ಬೈಯುವುದಕ್ಕೂ ಬಾಯಿ ಬರಲಿಲ್ಲ, ಅಷ್ಟು ಖುಷಿಯಾಗಿದ್ದಳು. ಕೋಟು ಕೊಂಡಮ್ಮನ ಕೈಗೆ ಹೋಗಿದೆ ಅಂದರೆ ಈ ರಾಶಿಯಲ್ಲೇ ಎಲ್ಲೋ ಇರಬೇಕು ಎಂದುಕೊಂಡು ಅವನು ಇಸ್ತ್ರಿ ಅಂಗಿ ಸಮೇತ ರಾಶಿಗೆ ಧುಮುಕಿದ. ಸೀರೆ ಎಸೆದ, ಲುಂಗಿ ಎಸೆದ, ಸೊಂಟದವರೆಗೆ ಇಳಿದ, ಆಮೇಲೆ ತಲೆಯೂ ಒಳಗೆ ಹೋಯಿತು.

ನಾರಾಯಣಪ್ಪ ಬಂದು ಖಾಲಿ ಮೊಳೆಯನ್ನು ನೋಡಿದ. ರಾಶಿಯಲ್ಲಿ ಆಡುತ್ತಿದ್ದ ಎರಡು ಕಾಲುಗಳನ್ನು ನೋಡಿದ. ಅಂಜಮ್ಮನನ್ನು ಮೂಲೆಗೆ ಕರೆದು ಕಿವಿಯಲ್ಲಿ ಏನೋ ಹೇಳತೊಡಗಿದ. ಬಟ್ಟೆಯ ಒಳಗಿದ್ದ ಕುಮಾರೇಶನಿಗೆ ಅದರಲ್ಲಿ ‘ಗೇಟ್ ಪಾಸ್’ ಎಂಬುದೊಂದು ಕೇಳಿಸಿತು. ಇವನಿಗೆ ಯಾವಾಗಲೂ ಅದೇ ಹುಚ್ಚು ಎಂದುಕೊಂಡು ಇನ್ನಷ್ಟು ಆಳಕ್ಕೆ ಇಳಿದ.

ಅವನು ಮತ್ತೆ ತಲೆ ಹೊರಗೆ ಹಾಕಿದಾಗ ಅಂಗಳದಲ್ಲಿ ಕಾರು ನಿಂತಿತ್ತು. ಕಾರಿನಿಂದ ಚಂದ್ರಲೇಖಾ ಮೇಡಂ ಇಳಿದರು. ಕುಮಾರೇಶನ ತಲೆಯ ಮೇಲೆ ಯಾರದೋ ಲಂಗವಿತ್ತು. ಮೇಡಂ ಸೀರೆಯ ಮೇಲೆ, ಧನುರ್ಮಾಸದ ಚಳಿಗೆ, ಒಂದು ಕೋಟು ತೊಟ್ಟಿದ್ದರು. ತೋಳಿಲ್ಲದ್ದು. ಕೆಂಪಿನ ಪಕ್ಕ ನೀಲಿ ಇದ್ದದ್ದು.

“ನೀವೇನಾ ಕುಮಾರೇಶ್?” ಎಂದರು ಮೇಡಂ.

ಕುಮಾರೇಶನ ಕಣ್ಣು ಕೋಟನ್ನು ಬಿಟ್ಟು ಕದಲುತ್ತಿರಲಿಲ್ಲ.

“ಇದಾ? ರೊಂಬ ಚೆನ್ನಾಗಿದೆ ಅಲ್ವಾ?” ಎಂದು ಮೇಡಂ ಒಂದು ಸುತ್ತು ತಿರುಗಿ ತೋರಿಸಿದರು. “ಬೆಳಿಗ್ಗೆ ಹೊಸೂರಲ್ಲಿ ಬೇರೆ ಕೆಲಸ ಇತ್ತು, ರಸ್ತೆ ಬದಿ ಟೀ ಕುಡಿಯೋಕೆ ನಿಲ್ಲಿಸಿದ್ದೆ. ಪಾತ್ರೆ ಮಾರುವ ಅಮ್ಮ ಒಬ್ಬರ ಹತ್ತಿರ ಸಿಕ್ಕಿತು. ಈ ಹೊಲಿಗೆ ನೋಡಿ, ಬಣ್ಣ ಕೂಡಿಸಿರೋದು ನೋಡಿ! ನಾವು ಹುಡುಕ್ತಿರೋದು ಇಂಥ ಕೈಯನ್ನ. ಇದನ್ನು ಹೊಲಿದವರು ಸಿಕ್ಕಿದರೆ ಇಲ್ಲೇ, ಈಗಲೇ ರುಜು ಹಾಕ್ತೀನಿ.”

ಆಹಾ! ಕುಮಾರೇಶನಿಗೆ ಮೂರು ತಿಂಗಳ ಆಯಾಸ ಒಮ್ಮೆಗೇ ಇಳಿಯಿತು. ಲಂಗವನ್ನು ತಲೆಯಿಂದ ತೆಗೆದು, ರಾಶಿಯಿಂದ ಎದ್ದು ಬಂದು, ಕೈ ಜೋಡಿಸಿ ಹೇಳಿದ: “ಮೇಡಂ, ಅದನ್ನ ಹೊಲ್ದಿದ್ದು ನಾನು.”

ಮೇಡಂ ಮುಖ ಬಿಗಿಯಾಯಿತು. “ನೀವಾ? ಆ ಅಮ್ಮ ನಾನೇ ಹೊಲಿದೆ ಅಂದರಲ್ಲ?”

ಅಷ್ಟರಲ್ಲಿ ಕಾರು ನೋಡಲು ಜಯಂತಿಯೂ ಊರವರೂ ಸೇರಿದರು, ಮೊಪೆಡ್ಡೂ ಬಂತು. ಕೊಂಡಮ್ಮ ಕೊನೆಯ ಗಂಟು ಇಳಿಸುತ್ತಿದ್ದವಳು ಮೇಡಮ್ಮನ್ನು ನೋಡಿ ಅಲ್ಲೇ ನಿಂತಳು.

“ಅಮ್ಮಾ, ನೀಂಗಳಾ!” ಎಂದರು ಮೇಡಂ. “ಇವರು ಈ ಕೋಟು ತಾನು ಹೊಲಿದದ್ದು ಅಂತಾರೆ. ಯಾರು ಹೊಲಿದದ್ದು, ಹೇಳಿ.”

ಕೊಂಡಮ್ಮ ಕುಮಾರೇಶನನ್ನು ನೋಡಿದಳು, ಕೋಟನ್ನು ನೋಡಿದಳು. ಬೆಳಿಗ್ಗೆ ವ್ಯಾಪಾರ ಕುದುರಲಿ ಎಂದು ಒಂದು ಮಾತು ಹೇಳಿ ಆಗಿತ್ತು. ಮೂವತ್ತು ವರ್ಷದಲ್ಲಿ ಅವಳು ಹೇಳಿದ ದರವನ್ನಾಗಲಿ ಮಾತನ್ನಾಗಲಿ ಇಳಿಸಿದವಳಲ್ಲ.

“ನಾನೇ, ಮೇಡಂ” ಎಂದಳು, ನೆಲ ನೋಡುತ್ತಾ.

“ಸುಳ್ಳು! ಜಯಂತಕ್ಕನ ಮೆಷಿನ್ನಲ್ಲಿ ಹೊಲ್ದೆ ನಾನು. ಕೇಳಿ ಬೇಕಾದ್ರೆ!” ಎಂದು ಕುಮಾರೇಶ ಕೂಗಿದ.

ಎಲ್ಲರೂ ಜಯಂತಿಯತ್ತ ತಿರುಗಿದರು. ಜಯಂತಿ ಬಾಯಿ ತೆರೆದಳು. ಕೊಂಡಮ್ಮ ಮೊಪೆಡ್ಡಿನ ಚೀಲಕ್ಕೆ ಕೈ ಹಾಕಿ, ಮಾತಿಲ್ಲದೆ ಒಂದು ಮುಚ್ಚಳ ತೆಗೆದಳು. ಜಯಂತಿಯ ಪಾತ್ರೆಗೆ ಸರಿಯಾಗಿ ಕೂರುವಂಥದ್ದು.

“ನಾನು ಮಧ್ಯಾಹ್ನ ಎಲ್ಲ ಮಲ್ಗಿರ್ತೀನಪ್ಪ, ಏನೂ ನೋಡಿಲ್ಲ” ಎಂದಳು ಜಯಂತಿ.

“ಅಮ್ಮಾ!” ಎಂದು ಕುಮಾರೇಶ ತಾಯಿಯತ್ತ ತಿರುಗಿದ. “ನೀನಾದ್ರೂ ಹೇಳಮ್ಮ. ಇಪ್ಪತ್ತು ದಿನ ಯಾರು ಹೊಲಿದ್ರು ಅದನ್ನ?”

ಅಂಜಮ್ಮ ಓಡಿ ಬಂದು ಮಗನಿಗೆ ಅಡ್ಡ ನಿಂತು ಮೇಡಮ್ಮಿಗೆ ಕೈ ಮುಗಿದಳು.

“ನಮ್ ಹುಡ್ಗ ಹೊಲ್ದಿಲ್ಲ ತಾಯಿ! ದೇವ್ರಾಣೆ ಹೊಲ್ದಿಲ್ಲ! ಅವ್ನಿಗೆ ಸೂಜಿಗೆ ದಾರ ಪೋಣ್ಸಾಕೂ ಬರಲ್ಲ. ಆ ಕೋಟು ನಮ್ಮನೇದೇ ಅಲ್ಲ. ಅವ್ನನ್ನ ಬಿಟ್ಬುಡಿ!”

ಕುಮಾರೇಶ ತಾಯಿಯ ಬೆನ್ನ ಹಿಂದೆ ಬಾಯಿ ತೆರೆದು ನಿಂತ. ಇನ್ನು ಹೌದು ಅಂದರೆ ಊರೆದುರು ಹೆತ್ತವಳು ದೇವರಾಣೆ ಹಾಕಿ ಸುಳ್ಳು ಹೇಳಿದಂತಾಗುತ್ತದೆ. ಮೂಲೆಯಲ್ಲಿ ನಾರಾಯಣಪ್ಪ ಸಮಾಧಾನದಿಂದ ತಲೆಯಾಡಿಸುತ್ತಿದ್ದ. ಅವನು ಕಿವಿಯಲ್ಲಿ ಹೇಳಿಕೊಟ್ಟದ್ದು ಏನೆಂದು ಈಗ ಕುಮಾರೇಶನಿಗೆ ತಿಳಿಯಿತು: ಕೋಟೂ ಹೋಯಿತು, ಅದರ ಜೇಬಿನ ಪಾಸೂ ಹೋಯಿತು, ಆಫೀಸರಮ್ಮ ಕೇಳಿದರೆ ಹುಡುಗ ಕಂಪನಿ ಬಟ್ಟೆ ಕದ್ದ ಅಂತಾಗುತ್ತದೆ, ಹೊಲಿದವನು ಅವನಲ್ಲ ಅಂತ ಸಾಧಿಸಿಬಿಡು.

“ನೋಡಿ ಕುಮಾರೇಶ್” ಎಂದರು ಮೇಡಂ, ದನಿ ತಗ್ಗಿಸಿ. “ಹೆಂಗಸರು ಮಾಡಿದ ಕೆಲಸಕ್ಕೆ ಗಂಡಸರು ಹೆಸರು ಹಾಕ್ಕೊಳ್ಳೋದನ್ನ ನಾನು ಬೇಕಾದಷ್ಟು ಕಡೆ ನೋಡಿದ್ದೀನಿ. ನಿಮ್ಮ ತಾಯಿ ನಿಜ ಹೇಳಿದರು, ಅದಕ್ಕೆ ಬಿಡ್ತೀನಿ.”

ಆಗ ನಾರಾಯಣಪ್ಪನಿಗೆ ಒಂದು ವಿಷಯ ಹೊಳೆಯಿತು. ಕೋಟು ಕಣ್ಣೆದುರಿಗೇ ಇದೆ ಅಂದಮೇಲೆ ಪಾಸೂ ಅದರ ಜೇಬಿನಲ್ಲೇ ಇರಬೇಕು! ಇಪ್ಪತ್ತೆರಡು ವರ್ಷದ ಅಭ್ಯಾಸ ಸುಮ್ಮನಿರಗೊಡಲಿಲ್ಲ. “ಒಳಜೇಬು ನೋಡಿ ಮೇಡಂ, ಒಳಜೇಬು!” ಎಂದು ಮುಂದೆ ನುಗ್ಗಿದ.

ಮೇಡಂ ಜೇಬಿಗೆ ಕೈ ಹಾಕಿ ಒಂದು ಹಳದಿ ಚೀಟಿ ತೆಗೆದು ಗಟ್ಟಿಯಾಗಿ ಓದಿದರು. “ಹೆಸರು, ಕುಮಾರೇಶ್. ಕಟಿಂಗ್ ಸೆಕ್ಷನ್. ಕತ್ತರಿಸಿ ಉಳಿದ ಚೂರು ಬಟ್ಟೆ, ಒಂದು ಚೀಲ. ಹೊರಗೆ ಬಿಡಬಹುದು.”

“ಕೇಳುಸ್ಕೊಂಡ್ರಾ? ಪಾಸೈತೆ! ನಮ್ ಹುಡ್ಗ ಕಳ್ಳ ಅಲ್ಲ!” ಎಂದು ನಾರಾಯಣಪ್ಪ ಎರಡು ಕೈಯೆತ್ತಿ ಸಾರಿದ. ಊರವರು ಚಪ್ಪಾಳೆ ತಟ್ಟಿದರು. ಕುಮಾರೇಶನ ಜೀವ ತಿರುಗಿ ಬಂತು. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಮೇಡಂ ಮುಖವೂ ಅರಳಿತು. “ಓಹೋ, ಹೀಗೆ! ಈಗ ಅರ್ಥವಾಯಿತು. ಕಂಪನಿಯಿಂದ ಚೂರು ತಂದುಕೊಡೋರು ನೀವು. ಹೊಲಿಯೋರು ಅವರು. ಅದನ್ನು ಮೊದಲೇ ಹೇಳಬಾರದಾ? ಅದೂ ದೊಡ್ಡ ಕೆಲಸವೇ!”

“ಅಲ್ಲ ಮೇಡಂ...”

“ಸಂಕೋಚ ಬೇಡ.” ಮೇಡಂ ಕೊಂಡಮ್ಮನ ಫೋನು ಇಸಕೊಂಡು ಆಪ್ ನೋಡಿದರು, ರಾಶಿ ನೋಡಿದರು, ಒಂದು ಮಧ್ಯಾಹ್ನಕ್ಕೆ ಅಷ್ಟು ಮನೆಯಿಂದ ಬಟ್ಟೆ ಹೇಗೆ ಬಂತು ಎಂದು ಕೇಳಿದರು. ಕೊಂಡಮ್ಮ ಹೇಳಿದಳು. ಯಾವ ಬಟ್ಟೆ ಯಾತಕ್ಕೆ ಆಗುತ್ತದೆ, ಯಾವುದು ಕಾರ್ಖಾನೆಯ ಮೆಷಿನ್ ಒರೆಸಲು ಹೋಗುತ್ತದೆ, ಯಾವುದು ಹೊದಿಕೆಗೆ, ಎಲ್ಲ ಬೆರಳ ತುದಿಯಲ್ಲಿತ್ತು. ಮೇಡಂ ಕಾರಿನ ಮೇಲೆ ಕಾಗದ ಹರವಿ ಅಲ್ಲೇ ರುಜು ಹಾಕಿದರು. ಕೋಣೆ ಜೂಜುವಾಡಿಯಲ್ಲಿ, ಮೆಷಿನ್ನು ಎರಡು, ಹೆಸರು ಕೊಂಡಮ್ಮ.

“ನಿಮ್ಮ ಹೆಸರೂ ಹಾಕಿದ್ದೀನಿ” ಎಂದರು ಕಾರು ಹತ್ತುತ್ತಾ. “ಚೂರು ಬಟ್ಟೆ ಪೂರೈಕೆ, ಕುಮಾರೇಶ್. ಏನೇ ಆದರೂ ಕಂಪನಿ ಕೆಲಸ ಮಾತ್ರ ಬಿಡಬೇಡಿ. ನೀವು ಬಿಟ್ಟರೆ ಚೂರು ಬರೋದು ನಿಂತುಹೋಗುತ್ತೆ, ಇಡೀ ಯೋಜನೆಯೇ ಕೂತುಬಿಡುತ್ತೆ. ರಜೆ ಯಾವಾಗ ಮುಗಿಯುತ್ತೆ?”

“ಭಾನುವಾರ” ಎಂದ ಕುಮಾರೇಶ.

“ವೆರಿ ಗುಡ್. ಸೋಮವಾರದಿಂದಲೇ ಶುರು ಮಾಡಿ.”

ಕಾರು ಹೋಯಿತು, ಜನವೂ ಚದುರಿದರು. ಅಂಜಮ್ಮ ಸೆರಗಿನಿಂದ ಮಗನ ತಲೆಯ ಧೂಳು ಒರೆಸಿ, “ಪೋಲೀಸ್ಗೆ ಇಡ್ಕೊಡ್ತಾರೆ ಅಂತ ಜೀವವೇ ಹೋಗಿತ್ತು ಕಣ್ಲಾ. ಹೆಂಗೋ ಉಳಿಸ್ಕೊಂಡೆ” ಎಂದಳು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು. ಕುಮಾರೇಶ “ಹೂಂ ಅಮ್ಮ” ಎಂದ.

ಕೊಂಡಮ್ಮ ಐದಕ್ಕೆ ಸರಿಯಾಗಿ ರಾಶಿ ಕಟ್ಟಿ ಟೆಂಪೋಗೆ ಹಾಕಿಸಿದಳು. ಆಮೇಲೆ ಬಂದು ಜಗಲಿಯ ಮೇಲೆ ಅವನ ಪಕ್ಕ ಕೂತಳು.

“ಬೇಜಾರ್ ಮಾಡ್ಕೋಬ್ಯಾಡಪ್ಪಾ. ಆ ಹೊತ್ತಿಗೆ ಹೇಳ್ಬುಟ್ಟೆ, ವಾಪಸ್ ತಗೊಳ್ಳಾಕಾಗ್ಲಿಲ್ಲ. ಆಯಮ್ಮ ತಿಂಗ್ಳಿಗೆ ಹತ್ತು ಕೋಟು ಕೇಳವ್ರೆ. ನಂಗೆಲ್ಲಿ ಬತ್ತದೆ? ಸೂಜಿ ಕಣ್ಣು ನಂಗೆ ಕಂಡು ಐದು ವರ್ಷ ಆಯ್ತು. ನೀನೇ ಬಂದು ಹೊಲ್ದುಕೊಡು. ಕಂಪನಿ ಬಿಟ್ಮ್ಯಾಲೆ ಸಾಯಂಕಾಲ ಬಾ. ಧರ್ಮಕ್ಕೆ ಕೇಳ್ತಿಲ್ಲ, ಕೋಟಿಗೆ ಒಂದು ಪಾತ್ರೆ.”

ಕುಮಾರೇಶ ಆ ಹೊತ್ತಿಗೆ ಯಾವುದಕ್ಕೂ ಇಲ್ಲ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಮೆಲ್ಲಗೆ ಒಂದು ಮಾತು ಕೇಳಿದ. ಕೊಂಡಮ್ಮ ಅದಕ್ಕೊಂದು ಷರತ್ತು ಹಾಕಿ, ಅವನ ಅಂಗಿಯನ್ನು ಇನ್ನೊಮ್ಮೆ ಬೆರಳಲ್ಲಿ ಹಿಡಿದು ನೋಡಿ ಹೊರಟಳು.

ಆರು ಗಂಟೆಗೆ ಶರ್ಮಿಳಾ ಬಸ್ಸಿಳಿದು ಬಂದಳು. ಗಂಡನ ಮುಖ ನೋಡಿದಳು. ಏನಾಯಿತು ಎಂದು ಕೇಳಲಿಲ್ಲ.

“ಸೋಮವಾರ ಎಷ್ಟೊತ್ಗೆ ಎಬ್ಬಿಸ್ಲಿ?” ಎಂದಳು, ಮೃದುವಾಗಿ.

“ಐದಕ್ಕೆ.”

“ಹೋಗ್ಲಿ ಬಿಡು. ಕಪ್ ತತ್ತೀನಿ ಅಂದಿದ್ದೆ, ಅದೊಂದು ಬಾಕಿ ಆಯ್ತು.”

“ಬಂದೈತೆ” ಎಂದು ಕುಮಾರೇಶ ಕಿಟಕಿಯ ಕಡೆ ಕೈ ತೋರಿಸಿದ. ಕಿಟಕಿಯಲ್ಲಿ ಪಾತ್ರೆ ಎರಡು ಕಿವಿ ಅಗಲಿಸಿಕೊಂಡು ಹೊಳೆಯುತ್ತಿತ್ತು.

ಶರ್ಮಿಳಾ ಅದನ್ನು ಎತ್ತಿಕೊಂಡು, ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದು, ತಳ ತಿರುಗಿಸಿ ನೋಡಿದಳು. ಮನಸ್ಸಿಗೆ ಬಂತು.

“ಗಟ್ಟಿ ಐತೆ. ಮುಚ್ಚಳ ಎಲ್ಲಿ?”

“ಕೇಳ್ದೆ” ಎಂದ ಕುಮಾರೇಶ. “ಎರಡ್ನೇ ಕೋಟು ಹೊಲ್ದಮ್ಯಾಲೆ ಕೊಡ್ತಾಳಂತೆ.”